‘ಹೀರೋಸ್’ ನಡುವೆ ದನಿ ಕುಗ್ಗಿದರೆ ಪ್ಲೇಯರ್ ರಿಪೇರಿಗೆ ಕೊಡಬೇಡಿ

ಓದುಗರ ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಬ್ರಿಟಿಷ್ ಗಾಯಕ ಡೇವಿಡ್ ಬೋವಿಯನ್ನು ಕೇಳಲು ಶುರುಮಾಡಿದ್ದು ‘ಲೆಟ್ಸ್ ಡಾನ್ಸ್’ ಆಲ್ಬಂನಿಂದ. ಅದೇ ಹುಮ್ಮಸ್ಸಿನಲ್ಲಿ 1977ರಿಂದ 1982ರವರೆಗಿನ ಆಲ್ಬಂಗಳಿರುವ ಸಿಡಿ ಬಾಕ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ‘ಲೋ’ ಹಾಕಿದರೆ ಅರ್ಧ ಆಲ್ಬಂನಲ್ಲಿ ಹಾಡೇ ಇಲ್ಲ. ‘ಹೀರೋಸ್’ ಹಾಡಿನ ನಡುವೆ ದನಿ ಒಮ್ಮೆಲೇ ಕುಗ್ಗುತ್ತದೆ. ಪ್ಲೇಯರಿನ ಲೆನ್ಸ್ ಒರೆಸಿದೆ, ಕೇಬಲ್ ಬದಲಿಸಿದೆ, ಸರಿಹೋಗಲಿಲ್ಲ. ಫೋನಿನಲ್ಲಿ ಹುಡುಕಿದರೆ ಅದೇ ಹಾಡು ಒಂದು ಕಡೆ ಆರು ನಿಮಿಷ, ಇನ್ನೊಂದು ಕಡೆ ಮೂರೂವರೆ ನಿಮಿಷ. ಬರ್ಲಿನ್‌ನಲ್ಲಿ ಸಂಗೀತಗಾರ ಬ್ರಯಾನ್ ಈನೊ ಮಾಡಿಕೊಟ್ಟ ಮೂರು ಆಲ್ಬಂ ಬಿಟ್ಟರೆ ಉಳಿದದ್ದೆಲ್ಲ ವೇಷ, ಫ್ಯಾಷನ್ ಹಿಂದೆ ಓಡಿದ್ದು ಎನ್ನುತ್ತಾರೆ ಗೆಳೆಯರು. ರೀಮಾಸ್ಟರ್‌ಗಳೆಲ್ಲ ಹಾಳು, ಹಳೇ ಸಿಡಿಯನ್ನೇ ಹುಡುಕು ಎಂದೂ ಹೇಳುತ್ತಾರೆ. ಯಾವ ಕ್ರಮದಲ್ಲಿ ಕೇಳಲಿ? ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ನಿಮ್ಮ ಪ್ಲೇಯರ್ ಸರಿಯಾಗಿಯೇ ಇದೆ, ಇನ್ನು ಅದನ್ನು ಬಿಚ್ಚಬೇಡಿ. ನೀವು ಕೊಂಡಿರುವುದು 2017ರ ಸೆಪ್ಟೆಂಬರ್‌ನಲ್ಲಿ ಪಾರ್ಲೊಫೋನ್ ಕಂಪನಿ ಹೊರತಂದ ‘ಎ ನ್ಯೂ ಕರಿಯರ್ ಇನ್ ಎ ನ್ಯೂ ಟೌನ್’ ಎಂಬ ಬಾಕ್ಸ್. ಅದರ ಮೊದಲ ಮುದ್ರಣದಲ್ಲಿ ‘ಹೀರೋಸ್’ ಹಾಡಿನ ಮೂರನೇ ನಿಮಿಷ ತುಂಬುವ ಹೊತ್ತಿಗೆ ದನಿಯ ಮಟ್ಟ ಇಳಿಯುತ್ತಿತ್ತು. ಸಿಡಿಯಲ್ಲೂ ಎಲ್‌ಪಿಯಲ್ಲೂ ಅದೇ ಕಥೆ. ಕೇಳುಗರು ದೂರಿದಾಗ ಮೂಲ ಟೇಪು ಕೆಲವೆಡೆ ಹಾಳಾಗಿತ್ತು, ಅದನ್ನು ಸರಿಪಡಿಸಲು ಹೋದದ್ದರ ಫಲ ಇದು ಎಂಬ ವಿವರಣೆ ಬಂತು. ವಿವರಣೆಗೆ ಯಾರೂ ಒಪ್ಪಲಿಲ್ಲ, ಕೊನೆಗೆ ಕಂಪನಿಯೇ ತಿದ್ದಿದ ಡಿಸ್ಕ್‌ಗಳನ್ನು ಬದಲಿಗೆ ಕಳಿಸಿತು. ನಿಮಗೆ ಮಾರಿದವರು ಬದಲಿ ಡಿಸ್ಕ್ ತರಿಸಿಕೊಂಡಿರಲಿಲ್ಲ, ಅಷ್ಟೆ. ಇಷ್ಟು ವರ್ಷಗಳ ಮೇಲೆ ಕಂಪನಿಯಿಂದ ಬದಲಿ ಸಿಗುತ್ತದೆಂದು ಕಾಯಬೇಡಿ. ಮುಂದಿನ ವರ್ಷ ಬಿಡಿಯಾಗಿ ಬಂದ ‘ಹೀರೋಸ್’ ಸಿಡಿಗೆ ತಿದ್ದಿದ ಮಾಸ್ಟರ್ (ಡಿಸ್ಕ್ ಅಚ್ಚಿಗೆ ಹೋಗುವ ಅಂತಿಮ ಪ್ರತಿ) ಬಳಸಿದರು, ಅದೊಂದನ್ನು ಕೊಂಡರೆ ಸಾಕು. ಕೊಳ್ಳುವ ಮುಂಚೆ ಮಾರುವವರಿಂದ ಆ ಹಾಡಿನ ಎರಡೂವರೆಯಿಂದ ಮೂರೂವರೆ ನಿಮಿಷದ ಭಾಗ ಹಾಕಿಸಿ ಕೇಳಿ. ಹೊದಿಕೆ ನೋಡಿ ಗುರುತಿಸುವುದಕ್ಕಿಂತ ಕಿವಿಯೇ ಭರವಸೆಯ ದಾರಿ.

ಆರು ನಿಮಿಷ, ಮೂರೂವರೆ ನಿಮಿಷದ ಗೊಂದಲ ಚಿಕ್ಕದು. ಆಲ್ಬಂನಲ್ಲಿರುವ ಪೂರ್ತಿ ಹಾಡು ಆರು ನಿಮಿಷ ದಾಟುತ್ತದೆ. ರೇಡಿಯೊಗೆಂದು, ಸಣ್ಣ 45 ಆರ್‌ಪಿಎಂ ತಟ್ಟೆಗೆಂದು ಮೊದಲ ಚರಣಗಳನ್ನು ಕತ್ತರಿಸಿ ಸಿಂಗಲ್ ಮಾಡಿದರು. ಸಂಕಲನ ಆಲ್ಬಂಗಳಲ್ಲಿ ಹೆಚ್ಚಾಗಿ ಸೇರುವುದು ಆ ಕತ್ತರಿಸಿದ ರೂಪವೇ. ಜೊತೆಗೆ ಬೋವಿ ಅದನ್ನೇ ‘ಹೆಲ್ಡನ್’ ಎಂದು ಜರ್ಮನ್‌ನಲ್ಲಿ, ‘ಎರೊ’ ಎಂದು ಫ್ರೆಂಚ್‌ನಲ್ಲಿ ಹಾಡಿದ್ದಾನೆ. ‘ಲೆಟ್ಸ್ ಡಾನ್ಸ್’ ಕೂಡ ಹಾಗೆಯೇ: ಆಲ್ಬಂನಲ್ಲಿ ಏಳೂವರೆ ನಿಮಿಷ, ಸಿಂಗಲ್‌ನಲ್ಲಿ ನಾಲ್ಕರ ಆಸುಪಾಸು. ಫೋನಿನಲ್ಲಿ ಕೇಳುವಾಗ ಹಾಡಿನ ಹೆಸರಿನ ಮುಂದಿರುವ ಅವಧಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಇನ್ನೊಂದು ಕಡೆ ಜನ ಎಡವುತ್ತಾರೆ. 1967ರ ಮೊದಲ ಆಲ್ಬಂ, 1969ರ ಎರಡನೇ ಆಲ್ಬಂ ಎರಡಕ್ಕೂ ಬ್ರಿಟನ್ನಿನಲ್ಲಿ ‘ಡೇವಿಡ್ ಬೋವಿ’ ಎಂದೇ ಹೆಸರು. ಎರಡನೆಯದನ್ನು 1972ರಲ್ಲಿ ಆರ್‌ಸಿಎ ಕಂಪನಿ ‘ಸ್ಪೇಸ್ ಆಡಿಟಿ’ ಎಂಬ ಹೆಸರಲ್ಲಿ ಮರುಬಿಡುಗಡೆ ಮಾಡಿತು. ಮೊದಲನೆಯದು ಲಂಡನ್ ನಾಟಕರಂಗದ ಧಾಟಿಯ, ನಟ-ಗಾಯಕ ಆಂಥನಿ ನ್ಯೂಲಿಯ ಛಾಯೆ ದಟ್ಟವಾಗಿರುವ ಹಾಡುಗಳ ಗುಚ್ಛ. ‘ಸ್ಪೇಸ್ ಆಡಿಟಿ’ ಸಿಗುತ್ತದೆಂದು ಅದನ್ನು ಕೊಂಡರೆ ನಿರಾಸೆ ಖಂಡಿತ.

ಇನ್ನು ಬರ್ಲಿನ್ ಮಾತು. ‘ಲೋ’, ‘ಹೀರೋಸ್’, ‘ಲಾಡ್ಜರ್’ ಮೂರನ್ನೂ ಸೇರಿಸಿ ಬರ್ಲಿನ್ ತ್ರಿವಳಿ ಎಂದು ಕರೆಯುವ ರೂಢಿಯಿದೆ. ಇವುಗಳಲ್ಲಿ ಆದಿಯಿಂದ ಅಂತ್ಯದವರೆಗೆ ಬರ್ಲಿನ್‌ನಲ್ಲಿ ಧ್ವನಿಮುದ್ರಣವಾದದ್ದು ‘ಹೀರೋಸ್’ ಒಂದೇ. ‘ಲೋ’ ಬಹುಪಾಲು ರೆಕಾರ್ಡ್ ಆದದ್ದು 1976ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಹತ್ತಿರದ ಶಾಟೊ ಡೆರೂವಿಲ್ ಎಂಬ ಹಳೇ ಬಂಗಲೆಯ ಸ್ಟುಡಿಯೊದಲ್ಲಿ. ಕೊನೆಯ ಹಂತಕ್ಕಷ್ಟೇ ಬರ್ಲಿನ್ ಗೋಡೆಗೆ ಅಂಟಿದಂತಿದ್ದ ಹಾನ್ಸಾ ಸ್ಟುಡಿಯೊಗೆ ಬಂದರು. ‘ಲಾಡ್ಜರ್’ ಅಂತೂ ಸ್ವಿಟ್ಜರ್ಲೆಂಡಿನ ಮೊಂಟ್ರೊ ಮತ್ತು ನ್ಯೂಯಾರ್ಕ್‌ನ ಕೂಸು. ಈನೊ ನಿರ್ಮಾಪಕ, ಅಂದರೆ ಧ್ವನಿಮುದ್ರಣದ ಮೇಲುಸ್ತುವಾರಿ ಹೊತ್ತವನು, ಎಂಬುದೂ ತಪ್ಪು. ಮೂರಕ್ಕೂ ನಿರ್ಮಾಪಕರು ಬೋವಿ ಮತ್ತು ಟೋನಿ ವಿಸ್ಕಾಂಟಿ. ಈನೊ ಸಿಂಥಸೈಸರ್ ನುಡಿಸಿದ, ಕೆಲವು ರಚನೆಗಳಲ್ಲಿ ಪಾಲುದಾರನಾದ, ಕೆಲಸದ ರೀತಿಯನ್ನೇ ಅಲುಗಾಡಿಸಿದ. ಅದು ಸಣ್ಣದೇನಲ್ಲ. ಆದರೆ ಎಲ್ಲವನ್ನೂ ಅವನ ಲೆಕ್ಕಕ್ಕೆ ಬರೆದರೆ ನಿಜವಾಗಿ ಹಾಡು ಹೊತ್ತವರು ಕಾಣೆಯಾಗುತ್ತಾರೆ.

ಹೊತ್ತವರು ಯಾರೆಂದರೆ ಗಿಟಾರಿನ ಕಾರ್ಲೊಸ್ ಅಲೊಮಾರ್, ಬಾಸ್‌ನ ಜಾರ್ಜ್ ಮರ್ರೆ, ಡ್ರಮ್ಸ್‌ನ ಡೆನಿಸ್ ಡೇವಿಸ್. 1976ರ ‘ಸ್ಟೇಷನ್ ಟು ಸ್ಟೇಷನ್’ನಿಂದ 1980ರ ‘ಸ್ಕೇರಿ ಮಾನ್ಸ್‌ಟರ್ಸ್’ವರೆಗೆ ಐದು ಸ್ಟುಡಿಯೊ ಆಲ್ಬಂಗಳ ಬುನಾದಿ ಈ ಮೂವರೇ. ಅಮೆರಿಕದ ಸೋಲ್, ಫಂಕ್ ಸಂಗೀತದಲ್ಲಿ ಪಳಗಿದವರು. ‘ಲೋ’ ಆಲ್ಬಂನ ಮೊದಲ ಭಾಗದಲ್ಲಿ ಸಿಂಥ್ ಎಷ್ಟೇ ವಿಚಿತ್ರವಾಗಿ ಕೂಗಲಿ, ಕೆಳಗೆ ಓಡುತ್ತಿರುವುದು ಕುಣಿಸುವ ಫಂಕ್ ಲಯವೇ. ಕೆಲಸದ ಕ್ರಮವೂ ಗಮನಿಸತಕ್ಕದ್ದು. ಮೊದಲು ಮೂವರೂ ಕೂಡಿ ಲಯದ ಟ್ರ್ಯಾಕ್‌ಗಳನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತಿದ್ದರು. ಆ ಮೇಲೆ ಗಿಟಾರ್, ಸಿಂಥ್ ಪದರಗಳು. ಸಾಹಿತ್ಯ ಮತ್ತು ಗಾಯನ ಕಟ್ಟಕಡೆಗೆ. ಹಾಡಿಗೆ ವಾದ್ಯ ಕೂಡಿಸುವ ಪದ್ಧತಿಯೇ ತಿರುವುಮುರುವಾಯಿತು. ‘ಲೋ’ದ ಎರಡನೇ ಬದಿಯ ನಾಲ್ಕು ರಚನೆಗಳಿಗೆ ಸಾಹಿತ್ಯ ಬೇಕೆಂದು ಯಾರಿಗೂ ಅನಿಸದೇ ಹೋದದ್ದು ಈ ಕ್ರಮದಿಂದಲೇ. ‘ವಾರ್‌ಸಾವಾ’ದಲ್ಲಿ ಕೇಳುವ ಮಾತು ಯಾವ ಭಾಷೆಯದೂ ಅಲ್ಲ, ಬೋವಿ ಕಟ್ಟಿಕೊಂಡ ಶಬ್ದಗಳು. ‘ಅರ್ಧ ಆಲ್ಬಂನಲ್ಲಿ ಹಾಡೇ ಇಲ್ಲ’ ಎಂಬ ನಿಮ್ಮ ತಕರಾರು ಹೊಸದಲ್ಲ. ಬೋವಿಯ ಹಿಂದಿನ ಆಲ್ಬಂ ‘ಯಂಗ್ ಅಮೆರಿಕನ್ಸ್’ ಥರದ್ದು ಇನ್ನೊಂದು ಸಿಗಬಹುದೆಂದು ಕಾದಿದ್ದ ಆರ್‌ಸಿಎ ಕಂಪನಿಯೂ ಟೇಪು ಕೇಳಿ ಮುಖ ಹುಳ್ಳಗೆ ಮಾಡಿಕೊಂಡಿತ್ತು. ಬಿಡುಗಡೆ 1977ರ ಜನವರಿಗೆ ಜಾರಿತು. ಆಲ್ಬಂ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಏರಿತು ಎಂಬುದು ಬೇರೆ ಮಾತು.

ಆ ಕಾಲದ ಧ್ವನಿಮುದ್ರಣದ ಎರಡು ತಂತ್ರಗಳು ತಿಳಿದಿದ್ದರೆ ಯಾವ ಪ್ರತಿ ಒಳ್ಳೆಯದೆಂದು ಅಳೆಯಲು ನಿಮಗೇ ಅಳತೆಗೋಲು ಸಿಗುತ್ತದೆ. ಒಂದು, ‘ಲೋ’ದ ಡ್ರಮ್ಸ್. ವಿಸ್ಕಾಂಟಿ ಈವೆಂಟೈಡ್ ಹಾರ್ಮೊನೈಸರ್ ಎಂಬ ಯಂತ್ರಕ್ಕೆ ಸ್ನೇರ್ ಡ್ರಮ್ಮಿನ ಸದ್ದನ್ನು ಕೊಟ್ಟು, ಅದರ ಶ್ರುತಿಯನ್ನು ಕೊಂಚ ಇಳಿಸಿ, ಅದನ್ನೇ ಮತ್ತೆ ಯಂತ್ರದೊಳಕ್ಕೆ ಸುತ್ತಿಸಿದ. ಪ್ರತಿ ಪೆಟ್ಟೂ ಬಿದ್ದಮೇಲೆ ಕೆಳಕ್ಕೆ ಜಾರುತ್ತದೆ. ಡೇವಿಸ್ ಅದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಲೇ ನುಡಿಸಿದ, ಹಾಗಾಗಿ ಪೆಟ್ಟಿನ ಬಲವನ್ನು ಆ ಜಾರುವಿಕೆಗೆ ತಕ್ಕಂತೆ ಹದಮಾಡಿಕೊಂಡ.

ಇನ್ನೊಂದು, ‘ಹೀರೋಸ್’ನ ಗಾಯನ. ಹಾನ್ಸಾದ ದೊಡ್ಡ ಸಭಾಂಗಣದಲ್ಲಿ ಮೂರು ಮೈಕ್: ಬಾಯಿಗೆ ಒಂಬತ್ತು ಅಂಗುಲ ದೂರದಲ್ಲಿ ಒಂದು, ಸುಮಾರು 20 ಅಡಿಯಲ್ಲಿ ಮತ್ತೊಂದು, 50 ಅಡಿಯಲ್ಲಿ ಮೂರನೆಯದು. ದೂರದ ಎರಡಕ್ಕೂ ಗೇಟ್ ಹಾಕಿದ್ದರು. ಅಂದರೆ ದನಿ ಒಂದು ಮಟ್ಟ ದಾಟಿದಾಗ ಮಾತ್ರ ಅವು ತೆರೆದುಕೊಳ್ಳುತ್ತವೆ. ಮೆಲ್ಲಗೆ ಹಾಡುವಾಗ ಹತ್ತಿರದ ಮೈಕ್ ಮಾತ್ರ, ಏರಿಸಿದಾಗ ಎರಡನೆಯದು, ಕೂಗಿದಾಗ ಇಡೀ ಸಭಾಂಗಣ ತೆರೆಯುತ್ತದೆ. ಹಾಡಿನ ಕೊನೆಯ ಚರಣಗಳಲ್ಲಿ ಬೋವಿ ಗಂಟಲು ಹರಿಯುವಂತೆ ಹಾಡುತ್ತಿರುವುದಕ್ಕೆ ಅರ್ಧ ಕಾರಣ ಈ ಏರ್ಪಾಡೇ. ಅಷ್ಟು ಕೂಗದಿದ್ದರೆ ದೂರದ ಮೈಕ್ ತೆರೆಯುತ್ತಲೇ ಇರಲಿಲ್ಲ. ಇದೇ ಹಾಡಿನಲ್ಲಿ ಎಳೆದೆಳೆದು ಕೇಳುವ ಗಿಟಾರ್ ಸ್ವರ ತಂತಿಯನ್ನು ಬಿಡದೆ ಕಂಪಿಸುವಂತೆ ಮಾಡುವ ಇ-ಬೋ ಎಂಬ ಉಪಕರಣದ್ದು ಎಂದು ಗಿಟಾರ್ ಕಲಿಯುವ ಹುಡುಗರೆಲ್ಲ ನಂಬಿದ್ದಾರೆ. ಅಲ್ಲ. ಗಿಟಾರಿಗ ರಾಬರ್ಟ್ ಫ್ರಿಪ್ ಸ್ಪೀಕರಿನ ಮುಂದೆ ನಿಂತು, ಅದರ ಸದ್ದೇ ಮತ್ತೆ ತಂತಿಯನ್ನು ಮಿಡಿಸುವ ಬರಿ ಫೀಡ್‌ಬ್ಯಾಕ್‌ನಿಂದ ಸ್ವರ ಹಿಡಿದದ್ದು. ಯಾವ ಸ್ವರಕ್ಕೆ ಎಷ್ಟು ದೂರ ನಿಲ್ಲಬೇಕೆಂದು ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದ.

ಹೀಗೆ ಮೆಲ್ಲನೆಯದರಿಂದ ಜೋರಿಗೆ ಏರುವುದೇ ಹಾಡಿನ ಜೀವಾಳವಾದಾಗ, ಕೆಟ್ಟ ಮಾಸ್ಟರಿಂಗ್ ಮೊದಲು ಕೊಲ್ಲುವುದು ಅದನ್ನೇ. ಆದ್ದರಿಂದ ಪ್ರತಿಗಳ ವಿಷಯ ಬರಿ ಸಂಗ್ರಾಹಕರ ಹುಚ್ಚಲ್ಲ. ರೀಮಾಸ್ಟರ್ ಮತ್ತು ರೀಮಿಕ್ಸ್ ಒಂದೇ ಅಲ್ಲ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ರೀಮಾಸ್ಟರ್ ಎಂದರೆ ಆಗಲೇ ಮಿಕ್ಸ್ ಆಗಿರುವ ಎರಡು ಚಾನೆಲ್ಲಿನ ಟೇಪನ್ನು ಮತ್ತೆ ಡಿಜಿಟಲ್‌ಗೆ ಇಳಿಸಿ, ಮಟ್ಟ ಮತ್ತು ಸ್ವರಛಾಯೆಯನ್ನು ತಿದ್ದುವುದು. ಗಾಯನವನ್ನು ಮಾತ್ರ ಮುಂದೆ ತರಲು ಅಲ್ಲಿ ಆಗುವುದಿಲ್ಲ. ರೀಮಿಕ್ಸ್ ಎಂದರೆ 16 ಅಥವಾ 24 ಟ್ರ್ಯಾಕಿನ ಮೂಲ ಟೇಪಿಗೇ ಹೋಗಿ ಒಂದೊಂದು ವಾದ್ಯವನ್ನೂ ಹೊಸದಾಗಿ ಕೂರಿಸುವುದು.

ನಿಮ್ಮ ಬಾಕ್ಸ್‌ನಲ್ಲೇ ಎರಡು ‘ಲಾಡ್ಜರ್’ ಇವೆ, ನೋಡಿ. ಒಂದು 1979ರ ಮಿಕ್ಸಿನ ರೀಮಾಸ್ಟರ್, ಇನ್ನೊಂದು ವಿಸ್ಕಾಂಟಿ ಹೊಸದಾಗಿ ಮಾಡಿದ ಮಿಕ್ಸ್. ಮೂಲ ಮಿಕ್ಸ್ ಮಂಕಾಗಿದೆ ಎಂಬ ಕೊರಗು ವಿಸ್ಕಾಂಟಿಗೂ ಬೋವಿಗೂ ಇತ್ತು. ಬೋವಿ ತೀರಿಕೊಳ್ಳುವ ಮೊದಲು ಹೊಸ ಮಿಕ್ಸಿನ ಕೆಲವು ಹಾಡು ಕೇಳಿ ಒಪ್ಪಿಗೆ ಕೊಟ್ಟಿದ್ದ. ಹೊಸದು ಖಂಡಿತ ಸ್ವಚ್ಛವಾಗಿದೆ. ಆದರೂ ಮೊದಲು ಹಳೆಯದನ್ನೇ ಕೇಳಿ. ‘ಬಾಯ್ಸ್ ಕೀಪ್ ಸ್ವಿಂಗಿಂಗ್’ನಲ್ಲಿ ಅಲೊಮಾರ್ ಡ್ರಮ್ಸ್‌ಗೆ ಕೂತು, ಡೇವಿಸ್ ಬಾಸ್ ಹಿಡಿದು, ಬೇಕೆಂದೇ ಗ್ಯಾರೇಜ್ ಹುಡುಗರಂತೆ ನುಡಿಸಿದ್ದಾರೆ. ಆ ಒರಟುತನಕ್ಕೆ ಹಳೇ ಮಂಕು ಮಿಕ್ಸೇ ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಈಗ ಸಿಡಿಗಳ ತಲೆಮಾರುಗಳು. 1980ರ ದಶಕದ ನಡುವೆ ಆರ್‌ಸಿಎ ಮೊದಲ ಸಿಡಿಗಳನ್ನು ತಂದಿತು, ಸ್ವಲ್ಪ ಕಾಲದಲ್ಲೇ ಹಿಂತೆಗೆಯಿತು. ನಿಮ್ಮ ಗೆಳೆಯರು ಹೊಗಳುವುದು ಇವನ್ನೇ. ಮಟ್ಟ ಏರಿಸುವ ಚಾಳಿ ಇನ್ನೂ ಶುರುವಾಗದ ಕಾಲ, ಹಾಗಾಗಿ ಏರಿಳಿತ ಹಾಗೇ ಉಳಿದಿದೆ. ಅಪಾಯವೂ ಇದೆ. ಜಪಾನಿನಲ್ಲಿ ಮಾಡಿದ್ದು, ಜರ್ಮನಿಯಲ್ಲಿ ಮಾಡಿದ್ದು ಎಲ್ಲ ಆಲ್ಬಂಗಳಲ್ಲೂ ಒಂದೇ ರೀತಿ ಕೇಳುವುದಿಲ್ಲ, ಬೆಲೆ ವಿಪರೀತ, ಡಿಸ್ಕ್‌ಗಳಿಗೆ ನಲವತ್ತು ವರ್ಷ ವಯಸ್ಸು. 1990ರಿಂದ 92ರವರೆಗೆ ಅಮೆರಿಕದಲ್ಲಿ ರೈಕೊಡಿಸ್ಕ್, ಬ್ರಿಟನ್ನಿನಲ್ಲಿ ಇಎಂಐ ಹೊರತಂದವು ಎರಡನೇ ತಲೆಮಾರು. ಇವುಗಳ ಆಕರ್ಷಣೆ ಹೆಚ್ಚುವರಿ ಹಾಡುಗಳು. ‘ಲೋ’ ಜೊತೆ ‘ಸಮ್ ಆರ್’, ‘ಹೀರೋಸ್’ ಜೊತೆ ‘ಅಬ್ದುಲ್‌ಮಜೀದ್’ ಸಿಕ್ಕುವುದು ಇಲ್ಲೇ. 1999ರ ಇಎಂಐ ಸಿಡಿಗಳು ಆ ಹೆಚ್ಚುವರಿ ಹಾಡುಗಳನ್ನು ಕೈಬಿಟ್ಟವು, ಮಟ್ಟವನ್ನೂ ಏರಿಸಿದವು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಧಾರಾಳವಾಗಿ, ಅಗ್ಗವಾಗಿ ಸಿಗುವುದು ಇವೇ. ಕಾರಿನಲ್ಲಿ ಕೇಳಲು ಸಾಕು. 2013ರಲ್ಲಿ ಪಾರ್ಲೊಫೋನ್ ವಾರ್ನರ್ ಕೈಗೆ ಹೋದಮೇಲೆ, 2015ರಿಂದ ಕಾಲಘಟ್ಟಕ್ಕೊಂದರಂತೆ ಬಾಕ್ಸ್‌ಗಳು ಬಂದವು. ಫೋನಿನಲ್ಲಿ ನೀವು ಕೇಳುವುದೂ ಹೆಚ್ಚಾಗಿ ಇವನ್ನೇ. ಈ ಸಾಲಿನಲ್ಲಿ ಸದ್ದಿನ ಗುಣ ಆಲ್ಬಂನಿಂದ ಆಲ್ಬಂಗೆ ಬೇರೆ, ‘ಹೀರೋಸ್’ ಎಡವಿತೆಂದು ಎಲ್ಲವನ್ನೂ ಎಸೆಯಬೇಕಿಲ್ಲ.

ಒಂದನ್ನು ಮಾತ್ರ ಗೊತ್ತಿಲ್ಲದೆ ಕೊಳ್ಳಬೇಡಿ. 1987ರ ‘ನೆವರ್ ಲೆಟ್ ಮಿ ಡೌನ್’ನ 2018ರ ಆವೃತ್ತಿ ರೀಮಾಸ್ಟರ್ ಅಲ್ಲ, ರೀಮಿಕ್ಸ್ ಮಾತ್ರವೂ ಅಲ್ಲ. ಬೋವಿಯ ಗಾಯನ ಉಳಿಸಿಕೊಂಡು ಡ್ರಮ್ಸ್, ತಂತಿವಾದ್ಯ ಇತ್ಯಾದಿಗಳನ್ನು ಬೇರೆ ಕಲಾವಿದರಿಂದ ಹೊಸದಾಗಿ ನುಡಿಸಿ ಸೇರಿಸಿದ್ದು. ಚೆನ್ನಾಗಿಯೇ ಇದೆ. ಆದರೆ 1987ರ ಬೋವಿ ಹೇಗಿದ್ದ ಎಂದು ತಿಳಿಯಲು ಅದು ಸಾಕ್ಷಿಯಾಗದು.

ಪ್ರತಿಗಳನ್ನು ಹೋಲಿಸುವ ವಿಧಾನ ಸರಳ, ಆದರೆ ಜನ ತಪ್ಪಾಗಿಯೇ ಮಾಡುತ್ತಾರೆ. ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ‘ಉತ್ತಮ’ ಎನಿಸುತ್ತದೆ, ಒಂದು ಡೆಸಿಬೆಲ್ ವ್ಯತ್ಯಾಸವೂ ಮೋಸಮಾಡಬಲ್ಲದು. ಆದ್ದರಿಂದ ಮೊದಲು ಎರಡೂ ಪ್ರತಿಗಳ ಒಂದೇ ಮೂವತ್ತು ಸೆಕೆಂಡನ್ನು ಹಾಕಿ ವಾಲ್ಯೂಮ್ ಸಮ ಮಾಡಿಕೊಳ್ಳಿ. ಫೋನಿನ ಆ್ಯಪ್‌ನಲ್ಲಿ ಎಲ್ಲ ಹಾಡುಗಳ ಮಟ್ಟ ಸಮ ಮಾಡುವ ಸೆಟ್ಟಿಂಗ್ ಇರುತ್ತದೆ, ಹೋಲಿಸುವಾಗ ಅದು ಆನ್ ಇರಲಿ. ಇಕ್ವಲೈಸರ್ ಆಫ್ ಮಾಡಿ. ಆ ಮೇಲೆ ಮೂರು ಕಡೆ ಕಿವಿಗೊಡಿ. ‘ಹೀರೋಸ್’ನ ಕೊನೆಯ ಚರಣ ಮೊದಲ ಚರಣಕ್ಕಿಂತ ನಿಜವಾಗಿ ದೊಡ್ಡದಾಗುತ್ತದೆಯೋ, ಎರಡೂ ಒಂದೇ ಮಟ್ಟದಲ್ಲಿವೆಯೋ? ‘ಸೌಂಡ್ ಅಂಡ್ ವಿಷನ್’ನಲ್ಲಿ ಸ್ನೇರ್ ಪೆಟ್ಟಿನ ಅಂಚು ಚೂಪಾಗಿದೆಯೋ, ದಿಂಬಿಗೆ ಹೊಡೆದಂತಿದೆಯೋ? ‘ವಾರ್‌ಸಾವಾ’ ಮುಗಿಯುವಲ್ಲಿ ಸ್ವರ ನಿಧಾನ ಕರಗುತ್ತದೆಯೋ, ಟೇಪಿನ ಸುಯ್ಯೆನ್ನುವ ಸದ್ದಿನ ಜೊತೆಗೇ ಕತ್ತರಿಸಿದಂತೆ ನಿಲ್ಲುತ್ತದೆಯೋ? ಕತ್ತರಿಸಿದಂತಿದ್ದರೆ ಗದ್ದಲ ತೆಗೆಯುವ ಸಾಧನವನ್ನು ಅತಿಯಾಗಿ ಬಳಸಿದ್ದಾರೆ ಎಂದರ್ಥ. ಟೇಪಿನ ಸುಯ್ಯೆನ್ನುವ ಸದ್ದು ದೋಷವಲ್ಲ, ಇರಲಿ ಬಿಡಿ.

ಹಳೇ ಸಿಡಿ ಕೊಳ್ಳುವಾಗ ಗೀರಿಗಿಂತ ಸೂಜಿತೂತಿಗೆ ಹೆಚ್ಚು ಹೆದರಬೇಕು. ಡಿಸ್ಕನ್ನು ಬಲ್ಬಿಗೆ ಅಡ್ಡ ಹಿಡಿದರೆ ಲೋಹದ ಪದರ ಸವೆದ ಕಡೆ ಬೆಳಕಿನ ಚುಕ್ಕಿ ಕಾಣುತ್ತದೆ. ಅಂಚಿನಿಂದ ಕಂದುಬಣ್ಣ ಹರಡಿದ್ದರೂ ಬೇಡ. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಪ್ರತಿಗಳ ಪುಸ್ತಿಕೆಗೆ ಬೂಷ್ಟು ಹಿಡಿದಿರುವುದು ಸಾಮಾನ್ಯ. ಅದನ್ನು ಡಿಸ್ಕ್ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.

ವೇಷದ ಮಾತಿಗೆ ಬರೋಣ. ಬೋವಿ ವೇಷ ಹಾಕಿದ್ದು ನಿಜ. ಝಿಗ್ಗಿ ಸ್ಟಾರ್‌ಡಸ್ಟ್ ಎಂಬ ಪಾತ್ರವನ್ನು 1972ರಲ್ಲಿ ತಂದು, 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ವೇದಿಕೆಯಲ್ಲೇ ಮುಗಿಸಿದ. ಆದರೆ ಫ್ಯಾಷನ್ ಹಿಂದೆ ಓಡುವವನು ‘ಫೇಮ್’ ಹಾಡು 1975ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಮುಟ್ಟಿದ ಮೇಲೆ ‘ಲೋ’ ಮಾಡುವುದಿಲ್ಲ. ಇಂದು ಎಲ್ಲರ ಬಾಯಲ್ಲಿರುವ ‘ಹೀರೋಸ್’ ಬಿಡುಗಡೆಯಾದಾಗ ಬ್ರಿಟನ್ನಿನಲ್ಲಿ 24ನೇ ಸ್ಥಾನ ದಾಟಲಿಲ್ಲ. ಅವನಲ್ಲಿ ಬದಲಾಗುತ್ತಿದ್ದದ್ದು ಮುಖ್ಯವಾಗಿ ಸ್ಟುಡಿಯೊಗೆ ಕರೆಯುವ ಜನ. ಜನ ಬದಲಾದಂತೆ ಸಂಗೀತ ಬದಲಾಯಿತು, ಬಟ್ಟೆ ಆಮೇಲೆ. ನಿಮಗೆ ಇಷ್ಟವಾದ ‘ಲೆಟ್ಸ್ ಡಾನ್ಸ್’ ಇದಕ್ಕೆ ಒಳ್ಳೆಯ ಸಾಕ್ಷಿ. 1982ರ ಕೊನೆಯಲ್ಲಿ ನ್ಯೂಯಾರ್ಕ್‌ನ ಪವರ್ ಸ್ಟೇಷನ್‌ನಲ್ಲಿ ಕೆಲವೇ ವಾರಗಳಲ್ಲಿ ಮುಗಿದ ಆಲ್ಬಂ ಅದು. ಷಿಕ್ ತಂಡದ ನೈಲ್ ರಾಡ್ಜರ್ಸ್ ನಿರ್ಮಾಪಕ, ಅಲೊಮಾರ್ ಇಲ್ಲ, ಮೊಂಟ್ರೊ ಜಾಝ್ ಉತ್ಸವದಲ್ಲಿ ಬೋವಿ ಕೇಳಿ ಮೆಚ್ಚಿದ್ದ ಟೆಕ್ಸಸ್‌ನ ಬ್ಲೂಸ್ ಗಿಟಾರಿಗ ಸ್ಟೀವಿ ರೇ ವಾನ್ ಇದ್ದ. ಬೋವಿ ಒಂದೇ ಒಂದು ವಾದ್ಯ ಮುಟ್ಟಲಿಲ್ಲ.

ಗೆಳೆಯರ ಮಾತಿನಲ್ಲಿ ಅಷ್ಟಿಷ್ಟು ಸತ್ಯವಿರುವುದು ಇದರ ಮುಂದಿನ ಮೂರ್ನಾಲ್ಕು ವರ್ಷಗಳಿಗೆ. ‘ಲೆಟ್ಸ್ ಡಾನ್ಸ್’ ಹಿಂದೆಂದೂ ಕಾಣದಷ್ಟು ಕೇಳುಗರನ್ನು ತಂದಿತು, ಅವರನ್ನು ಉಳಿಸಿಕೊಳ್ಳುವ ಆತುರದಲ್ಲಿ 1984ರ ‘ಟುನೈಟ್’ ಬಂತು. ಅದರ ಒಂಬತ್ತು ಹಾಡುಗಳಲ್ಲಿ ಬೋವಿ ಒಬ್ಬನೇ ಬರೆದದ್ದು ಎರಡು. 1997ರ ‘ಅರ್ಥ್‌ಲಿಂಗ್’ ಡ್ರಮ್ ಅಂಡ್ ಬಾಸ್ ಎಂಬ ವೇಗದ ಎಲೆಕ್ಟ್ರಾನಿಕ್ ಕುಣಿತ ಸಂಗೀತದ ಅಲೆಯನ್ನು ಹಿಡಿದದ್ದೆಂಬ ಆಕ್ಷೇಪವಿದೆ, ಅದರಲ್ಲಿ ನನಗೆ ಅಷ್ಟು ತೂಕ ಕಾಣುವುದಿಲ್ಲ. ರೀವ್ಸ್ ಗೇಬ್ರೆಲ್ಸ್‌ನ ಗಿಟಾರ್ ಆ ಆಲ್ಬಂ ಅನ್ನು ಬರಿ ಅನುಕರಣೆಯಾಗಲು ಬಿಟ್ಟಿಲ್ಲ.

ಕೇಳುವ ಕ್ರಮ ಕೇಳಿದಿರಿ. ವರ್ಷಾನುಸಾರ ಹೋಗಬೇಡಿ, 1967ರಲ್ಲೇ ಸುಸ್ತಾಗುತ್ತೀರಿ. ‘ಲೆಟ್ಸ್ ಡಾನ್ಸ್’ನಿಂದ ಒಂದು ಹೆಜ್ಜೆ ಹಿಂದೆ ‘ಸ್ಕೇರಿ ಮಾನ್ಸ್‌ಟರ್ಸ್’ಗೆ ಹೋಗಿ. ಪ್ರಯೋಗವೂ ಪಾಪ್ ಗುಣವೂ ಒಂದೇ ಕಡೆ ಇರುವುದು ಅಲ್ಲಿ. ಅಲ್ಲಿಂದ ‘ಸ್ಟೇಷನ್ ಟು ಸ್ಟೇಷನ್’. ಅದೇ ಲಯತಂಡದ ಪರಿಚಯವಾದ ಮೇಲೆ ‘ಲೋ’ದ ಮೊದಲ ಬದಿ ಮಾತ್ರ ಕೆಲವು ದಿನ ಕೇಳಿ. ಎರಡನೇ ಬದಿಯನ್ನು ಬೇರೆ ಆಲ್ಬಂ ಎಂದೇ ಭಾವಿಸಿ, ರಾತ್ರಿ ಹೆಡ್‌ಫೋನ್‌ನಲ್ಲಿ ಕೇಳಿ. ಎಲ್‌ಪಿ ಕಾಲದಲ್ಲಿ ತಟ್ಟೆ ತಿರುಗಿಸುವ ಬಿಡುವು ಸಿಗುತ್ತಿತ್ತು, ಸಿಡಿ ಅದನ್ನು ಕಿತ್ತುಕೊಂಡಿತು. ಆ ಮೇಲೆ ‘ಹೀರೋಸ್’, ಕೊನೆಗೆ ‘ಲಾಡ್ಜರ್’. 1971ರ ‘ಹಂಕಿ ಡೋರಿ’ಯನ್ನು ಯಾವಾಗ ಬೇಕಾದರೂ ನಡುವೆ ಸೇರಿಸಬಹುದು, ರಿಕ್ ವೇಕ್‌ಮನ್‌ನ ಪಿಯಾನೊ ಎಂಥವರನ್ನೂ ಒಲಿಸುತ್ತದೆ.

‘ಬ್ಲ್ಯಾಕ್‌ಸ್ಟಾರ್’ ಅನ್ನು ಮಾತ್ರ ‘ಸಾವಿನ ಪತ್ರ’ ಎಂದುಕೊಂಡು ಶುರುಮಾಡಬೇಡಿ. 2016ರ ಜನವರಿ 8ಕ್ಕೆ ಆಲ್ಬಂ ಬಂತು, 10ಕ್ಕೆ ಬೋವಿ ತೀರಿಕೊಂಡ. ಹಾಗಾಗಿ ಆ ಕಥೆ ಹುಟ್ಟಿತು. ಸ್ಯಾಕ್ಸೊಫೋನ್ ವಾದಕ ಡೋನಿ ಮೆಕ್ಯಾಸ್ಲಿನ್‌ನ ಜಾಝ್ ತಂಡದೊಂದಿಗೆ ಅದು ರೆಕಾರ್ಡ್ ಆದದ್ದು 2015ರ ಮೊದಲ ತಿಂಗಳುಗಳಲ್ಲಿ. ಕಾಯಿಲೆ ಇತ್ತು, ಸಾವಿನ ನೆರಳು ಸಾಹಿತ್ಯದಲ್ಲೂ ಇದೆ. ಆದರೆ ಕೊನೆಯ ವಾರಗಳಲ್ಲೂ ಅವನು ಇನ್ನೊಂದು ಆಲ್ಬಂಗೆ ಹಾಡು ಕಟ್ಟುತ್ತಿದ್ದನೆಂದು ವಿಸ್ಕಾಂಟಿ ಹೇಳಿದ್ದಾನೆ. ಮಾರ್ಕ್ ಗಿಲಿಯಾನಾನ ಡ್ರಮ್ಸ್ ಕೇಳುತ್ತ ಹೋಗಿ, ಡೆನಿಸ್ ಡೇವಿಸ್‌ನಿಂದ ಅಲ್ಲಿಗೆ ದಾರಿ ಕಾಣುತ್ತದೆ.

ನಿಮ್ಮ ಬಾಕ್ಸ್ ಅನ್ನು ಮಾರಿಬಿಡುವ ಯೋಚನೆಯಿದ್ದರೆ ತಡೆಯಿರಿ. ಅದರೊಳಗೆ ‘ರೀಕಾಲ್ 3’ ಎಂಬ ಡಿಸ್ಕ್ ಇದೆಯೇ ನೋಡಿ. ‘ಹೀರೋಸ್’ನ ಮೂರೂವರೆ ನಿಮಿಷದ ಸಿಂಗಲ್, ಕ್ವೀನ್ ತಂಡದೊಡನೆ ಹಾಡಿದ ‘ಅಂಡರ್ ಪ್ರೆಶರ್’, ಬ್ರೆಕ್ಟ್‌ನ ‘ಬಾಲ್’ ನಾಟಕದ ಐದು ಹಾಡು, ಆಲ್ಬಂಗಳಲ್ಲಿ ಇಲ್ಲದ ‘ಕ್ರಿಸ್ಟಲ್ ಜಪಾನ್’ ಎಲ್ಲ ಅದರಲ್ಲೇ ಇವೆ. ಸೆಕೆಂಡ್ ಹ್ಯಾಂಡ್ ಬಾಕ್ಸ್‌ಗಳಲ್ಲಿ ಮೊದಲು ಮಾಯವಾಗುವುದೂ ಈ ಡಿಸ್ಕೇ.